ಸಾವಿರ ಮೊಟ್ಟೆಗೆ ಒಂದು ಜೊತೆ ಸ್ಪ್ರಿಂಗು

ಅವತ್ತು ಬೆಳಿಗ್ಗೆ ನಮ್ಮ ಕಾರು ಹಿಂಗಾಲು ಮಡಿಸಿದ ನಾಯಿಯ ಹಾಗೆ ಅಂಗಳದಲ್ಲಿ ಕೂತಿತ್ತು. ಮೂತಿ ಮೇಲಕ್ಕೆ, ಬಾಲ ನೆಲಕ್ಕೆ. ಹಿಂದಿನ ಎರಡು ಚಕ್ರಗಳೂ ಬಾಡಿಯೊಳಗೆ ಅರ್ಧ ಮುಳುಗಿಹೋಗಿದ್ದವು. ನಮ್ಮ ಯಜಮಾನರು ಕೆಂಪರಾಜು ಕಾಫಿ ಲೋಟ ಹಿಡಿದು ಅದರ ಸುತ್ತ ಎರಡು ಸುತ್ತು ಬಂದು, "ಗಾಳಿ ಇಳ್ದೈತೆ, ಅಷ್ಟೆ. ಸ್ಟಾರ್ಟ್ ಮಾಡಿದ್ರೆ ಎದ್ದೇಳ್ತದೆ ಬುಡು," ಎಂದರು.

ಸ್ಟಾರ್ಟ್ ಮಾಡಿದೆವು. ಎಲ್ಲೋ ಹೊಟ್ಟೆಯೊಳಗೆ ಗಾಳಿ ತುಂಬುವ ಯಂತ್ರ ಗುರ್ರೆಂದಿತು, ಎರಡು ಸಲ ಕೆಮ್ಮಿತು, ಸುಮ್ಮನಾಯಿತು. ಕಾರು ಏಳಲಿಲ್ಲ. ಯಜಮಾನರು ನನ್ನ ಮುಖ ನೋಡಲಿಲ್ಲ, ಕಾಫಿ ಮುಗಿಸುವುದರಲ್ಲಿ ತುಂಬ ಶ್ರದ್ಧೆ ತೋರಿಸಿದರು.

ಆ ಕಾರಿನ ಕಥೆ ಹೇಳಲೇಬೇಕು. ಮೂರು ವರ್ಷದ ಹಿಂದೆ ಕನಕಪುರದಲ್ಲಿ ಕಲ್ಲು ಕ್ವಾರಿ ನಡೆಸುವವರೊಬ್ಬರು ಹಳೆಯ ಕಾರು ಮಾರುತ್ತಾರೆಂದು ಕೇಳಿ, ನನಗೊಂದು ಮಾತೂ ಹೇಳದೆ ಯಜಮಾನರು ಅದನ್ನು ತಂದು ಅಕ್ಕೂರಿನ ನಮ್ಮ ಮನೆ ಮುಂದೆ ನಿಲ್ಲಿಸಿದರು. ಏಳು ಜನ ಕೂರುವ, ಎಮ್ಮೆಯಷ್ಟು ದಪ್ಪನೆಯ ಗಾಡಿ. ಹಿಂದಿನ ಚಕ್ರಗಳ ಮೇಲೆ ಸ್ಪ್ರಿಂಗು ಇರಲಿಲ್ಲ, ಗಾಳಿ ತುಂಬಿದ ರಬ್ಬರ್ ಚೀಲ ಇತ್ತು. "ಹಿಂದ್ಗಡೆ ಕೂತ್ರೆ ತೊಟ್ಲಲ್ಲಿ ಕೂತಂಗೈತೆ ಕಣೇ," ಎಂದು ಬೀಗಿದರು. ಎಂಟು ದಿನ ನಾನು ಮಾತು ಬಿಟ್ಟೆ. ಒಂಬತ್ತನೇ ದಿನ ನಮ್ಮ ಗೂಡ್ಸ್ ಆಟೋ ಕೈ ಕೊಟ್ಟಿತು. ಬೇರೆ ದಾರಿಯಿಲ್ಲದೆ ನನ್ನ ಹುಳುವಿನ ತಟ್ಟೆಗಳನ್ನು ಆ ಕಾರಿನ ಹಿಂದೆ ಇಟ್ಟು ಕೊಂಡೊಯ್ದೆ. ಇಳಿಸಿ ನೋಡಿದರೆ ಒಂದೇ ಒಂದು ಹುಳು ಕದಲಿರಲಿಲ್ಲ. ಅವತ್ತಿನಿಂದ ಕಾರು ನನ್ನದಾಯಿತು. ಹಿಂದಿನ ಸಾಲಿನ ಸೀಟು ಕಿತ್ತುಹಾಕಿಸಿ, ನಲವತ್ತು ತಟ್ಟೆ ಹಿಡಿಯುವ ಕಬ್ಬಿಣದ ಸ್ಟ್ಯಾಂಡು ಕೂರಿಸಿದೆ. ಯಜಮಾನರು ಒಬ್ಬ ನೆಂಟನನ್ನೂ ಅದರಲ್ಲಿ ಮೆರೆಸಲಾಗಲಿಲ್ಲವೆಂದು ಇವತ್ತಿಗೂ ಕೊರಗುತ್ತಾರೆ.

ನಮ್ಮದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆದ ದಿನದಿಂದ ಎಳೆ ಹುಳುಗಳನ್ನು ನಾವು ಸಾಕುತ್ತೇವೆ. ಅವು ಎರಡನೇ ಜ್ವರಕ್ಕೆ ಕೂತಾಗ ರೈತರ ಮನೆಗೆ ತಲುಪಿಸುತ್ತೇವೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಕೂರುವ ಮುಂಚೆ ಸಣ್ಣ ಎಳೆಗಳಿಂದ ತನ್ನ ಕಾಲನ್ನು ಹಾಸಿಗೆಗೆ ಕಟ್ಟಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಕುಲುಕಿದರೆ ಎಳೆ ಕಿತ್ತು ಬರುತ್ತದೆ, ಚರ್ಮ ಸರಿಯಾಗಿ ಬಿಡುವುದಿಲ್ಲ. ಕೆಲವು ಇವತ್ತು ಏಳುತ್ತವೆ, ಕೆಲವು ನಾಳೆ. ಹಾಗಾದರೆ ಆ ಬೆಳೆ ಕೊನೆಯವರೆಗೂ ಒಂದು ಸಮ ಬರುವುದಿಲ್ಲ.

ಹಿಂದಿನ ತಿಂಗಳು ಕೋಡಿಹಳ್ಳಿಯ ಬೈರಮ್ಮನ ಮನೆಯಲ್ಲಿ ಆದದ್ದು ಅದೇ. ಫೋನಿನಲ್ಲಿ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. "ಅಂಬುಜಾ, ಅರ್ಧ ಎದ್ದವೆ, ಅರ್ಧ ಕೂತವೆ. ಯಾವುದಕ್ಕೆ ಸೊಪ್ಪು ಹಾಕ್ಲಿ, ಯಾವುದಕ್ಕೆ ಕಾಯ್ಲಿ ನೀನೇ ಹೇಳು," ಎಂದಳು. ನಾನು ನಿಮ್ಮೂರಿನ ಬಿಸಿಲು ಎಂದೆ, ಕಿಟಕಿ ತೆಗೆದಿಟ್ಟಿದ್ದಿರೇನೋ ಎಂದೆ. ಕಾರಿನ ಬಾಲ ಆಗಲೇ ಇಳಿಯತೊಡಗಿತ್ತೆಂದು, ಅದು ಗೊತ್ತಿದ್ದೂ ಹುಳು ತುಂಬಿಕೊಂಡು ಬಂದೆನೆಂದು ಹೇಳಲಿಲ್ಲ. ರಿಪೇರಿಗೆ ಬಿಟ್ಟರೆ ಯಜಮಾನರು "ನನ್ನ ಕಾರಿಲ್ದೆ ನಿಂಗೆ ಗತಿ ಇಲ್ಲ" ಎಂದು ಹಲ್ಲು ಕಿರಿಯುತ್ತಾರಲ್ಲ, ಅದು ನನಗೆ ಬೇಕಿರಲಿಲ್ಲ.

ಬೈರಮ್ಮ ಕೊನೆಗೆ ಹೇಳಿದ್ದು ಇಷ್ಟು. "ಮುಂದ್ಲ ಬೆಳೆಗೂ ನಿನ್ ತಾವೇ ತಕತೀನಿ. ಅದೂ ಹಿಂಗೇ ಆದ್ರೆ ಬ್ಯಾರೆ ಸೆಂಟರು ನೋಡ್ಕತೀನಿ. ಬೇಜಾರು ಮಾಡ್ಕಬ್ಯಾಡ." ಕೋಡಿಹಳ್ಳಿಯ ಇನ್ನೂ ಐದು ಮನೆಗಳು ಅವಳ ಮಾತಿನ ಮೇಲೆ ನಡೆಯುತ್ತವೆ. ಅದಕ್ಕಿಂತ ಹೆಚ್ಚು ನನ್ನನ್ನು ಚುಚ್ಚಿದ್ದು ಬೇರೆ. ಹನ್ನೊಂದು ವರ್ಷದ ಹಿಂದೆ, ಹೆಂಗಸು ಚಾಕಿ ಕಟ್ಟುತ್ತಾಳಂತೆ ಎಂದು ಸುತ್ತಲಿನವರೆಲ್ಲ ನಗುತ್ತಿದ್ದಾಗ, ನನ್ನನ್ನು ನಂಬಿ ಮೊದಲು ಮೊಟ್ಟೆ ಬರೆಸಿದವಳು ಅವಳೊಬ್ಬಳೇ. ಅವಳನ್ನು ಕಳೆದುಕೊಂಡರೆ ನನಗೆ ಬಾಗಿಲು ಹಾಕಿಕೊಂಡಷ್ಟೇ.

ಆ "ಮುಂದ್ಲ ಬೆಳೆ"ಯ ಹುಳುಗಳು ಶುಕ್ರವಾರ ಹೋಗಬೇಕಿತ್ತು. ಕಾರು ಕೂತದ್ದು ಅದರ ಹಿಂದಿನ ಶನಿವಾರ.

ಕುಂಟಿಸಿಕೊಂಡು ಚನ್ನಪಟ್ಟಣದ ತಾಜ್ ಪಾಷಾ ಶೆಡ್ಡಿಗೆ ಒಯ್ದೆವು. ಗೊಂಬೆ ಮಾಡುವವರ ಬೀದಿಯ ಕೊನೆಯಲ್ಲಿ ಅವರ ಶೆಡ್ಡು. ಮೆಕ್ಯಾನಿಕ್ಕುಗಳಲ್ಲಿ ಇವರಷ್ಟು ನೀಟಾದವರನ್ನು ನಾನು ನೋಡಿಲ್ಲ. ಕೈಯೆಲ್ಲ ಗ್ರೀಸಿದ್ದರೂ ಅಂಗಿ ಬೆಳ್ಳಗೆ, ಕಿವಿಯಲ್ಲಿ ಅತ್ತರಿನ ಹತ್ತಿ. ಸೋಪಿನ ನೀರು ಸವರಿ ರಬ್ಬರ್ ಚೀಲಗಳನ್ನು ನೋಡಿದರು. ಎರಡರಲ್ಲೂ ಬುಳುಬುಳು ಗುಳ್ಳೆ ಬಂದವು.

"ಚೀಲ ಸೀಳೋಗೈತೆ ಅಂಬುಜಮ್ಮೋರೆ. ಸೋರ್ತಾ ಇದ್ದಿದ್ದಕ್ಕೆ ಕಂಪ್ರೆಸರು ಬಿಡುವಿಲ್ದೆ ಓಡಿ ಓಡಿ ಅದೂ ಸುಟ್ಟೋಗೈತೆ. ಹೊಸಾದು ತರಿಸ್ಬೇಕು ಅಂದ್ರೆ ಒಂದೂವರೆ ತಿಂಗಳು. ದುಬಾರಿ ಬೇರೆ."

"ನಂಗೆ ಶುಕ್ರವಾರ ಬೇಕು ಪಾಷಣ್ಣ."

"ಹಂಗಾದ್ರೆ ಗಾಳಿ ಸಾವಾಸನೇ ಬ್ಯಾಡ. ಕಿತ್ತಾಕಿ ಸ್ಪ್ರಿಂಗ್ ಕೂರಿಸ್ಬುಡ್ತೀನಿ. ಇದಕ್ಕೇ ಅಂತ ಸೆಟ್ ಬತ್ತದೆ, ಬೆಂಗಳೂರಿಂದ ಬುಧವಾರ ತರಿಸ್ತೀನಿ. ಸೋರಂಗಿಲ್ಲ, ಸುಡಂಗಿಲ್ಲ."

"ಮೆತ್ತಗಿರ್ತದಾ? ಹುಳ ಜ್ವರಕ್ಕೆ ಕೂತಿರ್ತವೆ. ಕುಲುಕಿದ್ರೆ ನನ್ ಕತೆ ಮುಗೀತು."

"ಲೋಡಿಗೆ ಸರಿಯಾದ ಸ್ಪ್ರಿಂಗ್ ಹಾಕಿದ್ರೆ ಬೆಣ್ಣೆ ಹಂಗಿರ್ತದೆ. ಟ್ರಿಪ್ಪಿಗೆ ಎಷ್ಟು ಲೋಡ್ ಹಾಕ್ತೀರಾ?"

"ಸಾವಿರ ಮೊಟ್ಟೆ," ಎಂದೆ, ಒಸಿ ಜಂಬದಿಂದಲೇ.

ನಮ್ಮ ಸೀಮೆಯಲ್ಲಿ ಚಾಕಿಯವರು ಯಾರೂ ಕೆಜಿಯಲ್ಲಿ ಮಾತಾಡುವುದಿಲ್ಲ. ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಎಂದು ಲೆಕ್ಕ. ಅದರಲ್ಲಿ ನಾನೂರು, ಐನೂರು ಹುಳು ಇರುತ್ತವೆ. ನೂರು ಮೊಟ್ಟೆ ಸಾಕುವವನು ಸಣ್ಣ ರೈತ, ಸಾವಿರ ಮೊಟ್ಟೆ ಒಂದೇ ಸಲ ಸಾಗಿಸುವವಳು ನಾನು. ಪಾಷಣ್ಣನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿರಲಿಲ್ಲ. ಅವರ ಹೆಂಡತಿ ನೂರ್‌ಜಹಾನ್ ಶೆಡ್ಡಿನ ಹಿಂದಿನ ಮನೆಯಲ್ಲೇ ಗೂಡು ಬೇಯಿಸಿ ರೇಷ್ಮೆ ದಾರ ಬಿಚ್ಚುತ್ತಾರೆ. ಸಾವಿರ ಮೊಟ್ಟೆ ಎಂದಾಗ ಪಾಷಣ್ಣ ಗೌರವದಿಂದ ತಲೆಯಾಡಿಸಿದರು. ಆಮೇಲೆ ಕಣ್ಣು ಮುಚ್ಚಿ, ಬೆರಳು ಮಡಿಸುತ್ತ, ತುಟಿ ಅಲ್ಲಾಡಿಸಿದರು. ನನ್ನ ಹುಳುಗಳಿಗಾಗಿ ದುವಾ ಕೇಳುತ್ತಿದ್ದಾರೆಂದುಕೊಂಡು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಗುರುವಾರ ಬೆಳಿಗ್ಗೆ ನಾನೂ ಯಜಮಾನರೂ ಶೆಡ್ಡಿನಲ್ಲಿ ಹಾಜರ್. ಅಕ್ಕೂರಿನಲ್ಲಿ ಹುಳುಗಳು ಸೊಪ್ಪು ಕಡಿಮೆ ಮಾಡಿದ್ದವು, ಸಂಜೆಯ ಹೊತ್ತಿಗೆ ಕೂತುಬಿಡುತ್ತಿದ್ದವು. ಪಾಷಣ್ಣ ಕಾರಿನ ಬೆನ್ನನ್ನು ಜಾಕಿನ ಮೇಲೆ ಎತ್ತಿ, ಚಕ್ರ ಬಿಚ್ಚಿ, ಗಾಳಿಯ ಕೊಳವೆ ಸಡಿಲಿಸಿದರು. ಉಳಿದಿದ್ದ ಒಂದಿಷ್ಟು ಗಾಳಿ ಉಸ್ಸೆಂದು ಹೋಯಿತು. ಚೀಲಗಳು ಬಾಡಿದ ಬದನೆಕಾಯಿಯ ಹಾಗೆ ಕೈಗೆ ಬಂದವು. ಅವು ಇದ್ದ ಜಾಗದಲ್ಲಿ ಕೆಳಗೊಂದು ಬಟ್ಟಲು, ಮೇಲೊಂದು ಬಟ್ಟಲು ಕೂರಿಸಿ, ನಡುವೆ ಸ್ಪ್ರಿಂಗನ್ನು ತಿರುಗಿಸಿ ತಿರುಗಿಸಿ ಇಟ್ಟರು. ಅದರ ಸುರುಳಿಯ ತುದಿ ಬಟ್ಟಲಿನ ಅಂಚಿಗೆ ಸರಿಯಾಗಿ ತಾಗಬೇಕಂತೆ, ಇಲ್ಲದಿದ್ದರೆ ಓಡುವಾಗ ಟಣ್ ಟಣ್ ಎನ್ನುತ್ತದಂತೆ. ಕಂಪ್ರೆಸರಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು.

"ಅದೇನು ಉರೀತಾ ಐತೆ?" ಎಂದೆ.

"ಗಾಳಿ ಎಲ್ಲಿ ಅಂತ ಹುಡುಕ್ತಾ ಐತೆ. ಉರೀಲಿ ಬುಡಿ, ಆಮೇಲೆ ಅದರ ಬಾಯಿ ಮುಚ್ಚಿಸ್ತೀನಿ."

ಕಾರು ಕೆಳಗಿಳಿಯಿತು. ಮೂತಿ ತಗ್ಗಿತು, ಬಾಲ ಮಾತ್ರ ಮಿಡತೆಯ ಹಾಗೆ ಎತ್ತಿಕೊಂಡೇ ನಿಂತಿತು. ಯಜಮಾನರಿಗೆ ಖುಷಿಯೋ ಖುಷಿ. "ನೋಡು, ಹೆಂಗೆ ಎದೆ ಸೆಟೆದು ನಿಂತೈತೆ," ಎಂದರು. ಸೆಟೆದದ್ದು ಎದೆಯಲ್ಲ, ಬೇರೆ ಭಾಗ ಎಂದು ನಾನು ಹೇಳಲಿಲ್ಲ. ಮನೆಯಿಂದ ತಂದಿದ್ದ ತಟ್ಟೆ ತೆಗೆದೆ, ಅದಕ್ಕೆ ಪೇಪರು ಹಾಸಿ, ಒಂದರ ಮೇಲೊಂದು ಕೂರದ ಹಾಗೆ ರಾಗಿ ಹರಡಿದೆ. ಹುಳು ಇಟ್ಟು ಪರೀಕ್ಷೆ ಮಾಡಲಾಗುತ್ತದೆಯೇ? ನಮ್ಮಲ್ಲಿ ಹೊಸ ಗಾಡಿ ಗೊತ್ತು ಮಾಡುವಾಗ ಹೀಗೇ ರಾಗಿ ಹರಡಿ ನೋಡುವುದು. ರಾಗಿ ಇದ್ದಲ್ಲೇ ಇದ್ದರೆ ಹುಳುವೂ ಇರುತ್ತದೆ.

ಸ್ಟ್ಯಾಂಡಿನಲ್ಲಿ ತಟ್ಟೆ ಇಟ್ಟು ಎರಡು ಕಿಲೋಮೀಟರು ಹೋಗಿ ಬಂದೆವು. ಮೊದಲ ಹಂಪಿನಲ್ಲೇ ಯಜಮಾನರ ತಲೆ ಮೇಲಕ್ಕೆ ಬಡಿಯಿತು. ವಾಪಸ್ಸು ಬಂದು ಬಾಗಿಲು ತೆಗೆದರೆ ಅರ್ಧ ರಾಗಿ ಒಂದು ಮೂಲೆಯಲ್ಲಿ ಗುಡ್ಡೆ, ಇನ್ನರ್ಧ ಕಾರಿನ ನೆಲದಲ್ಲಿ.

"ಇದಾ ಪಾಷಣ್ಣ ನಿಮ್ ಬೆಣ್ಣೆ?"

ಪಾಷಣ್ಣ ಕಾರಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿದರು. ಅದು ಒಂದು ಬೆರಳಷ್ಟೂ ತಗ್ಗಲಿಲ್ಲ. "ಈಗ ಖಾಲಿ ಐತಲ್ಲಮ್ಮ. ನಿಮ್ ಲೋಡ್ ಬಿದ್ದ ಮೇಲೆ ಸರಿಯಾಗಿ ಕೂರ್ತದೆ. ಎಂಟು ಕ್ವಿಂಟಾಲಿಗೆ ಅಂತ ಹೇಳಿ ತರಿಸಿರೋ ಸ್ಪ್ರಿಂಗು."

"ಎಂಟು ಕ್ವಿಂಟಾಲಾ? ಯಾವ ಎಂಟು ಕ್ವಿಂಟಾಲು?"

"ನೀವೇ ಹೇಳಿದ್ರಲ್ಲ, ಸಾವಿರ ಮೊಟ್ಟೆ. ನೂರು ಮೊಟ್ಟೆಗೆ ಎಂಬತ್ತು ಕೆಜಿ ಗೂಡು. ಸಾವಿರಕ್ಕೆ ಎಂಟು ಕ್ವಿಂಟಾಲು. ಈ ಲೆಕ್ಕ ಗೊತ್ತಿಲ್ದೆ ಇರೋನು ರಾಮನಗರದಲ್ಲಿ ಯಾವನಿದ್ದಾನೆ?"

ಅಷ್ಟರಲ್ಲಿ ಟೀ ತಂದ ನೂರ್‌ಜಹಾನ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಟ್ರೇ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಅಜೀ, ಇವರು ಸಾಗಿಸೋದು ಹುಳ! ಚಾಕಿ ಹುಳ! ಅದು ತಿಂದು, ಬೆಳೆದು, ಗೂಡು ಕಟ್ಟೋಕೆ ಇನ್ನೂ ಮೂರು ವಾರ ಬೇಕು. ನೀವು ಈಗ್ಲೇ ಗೂಡಿಗೆ ಸ್ಪ್ರಿಂಗ್ ಹಾಕಿದ್ದೀರಾ!"

ಪಾಷಣ್ಣ ನಾಲಿಗೆ ಕಚ್ಚಿಕೊಂಡರು. "ಹಂಗಾದ್ರೆ ಹುಳದ ತೂಕ ಎಷ್ಟು?"

ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹನ್ನೊಂದು ವರ್ಷದಲ್ಲಿ ನಾವು ಹುಳು ತೂಗಿಯೇ ಇರಲಿಲ್ಲ. "ಎಲ್ಲಾ ಸೇರಿ ಹದಿನೈದು ಕೆಜಿ ಬಂದೀತು," ಎಂದರು ಯಜಮಾನರು. "ತಟ್ಟೆ ಸೇರಿದ್ರೆ ಅರವತ್ತೋ ಎಪ್ಪತ್ತೋ."

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಅವತ್ತು ಅದು ಮೂಗು ದಾಟಿ ಬಂತು. ಪಾಷಣ್ಣನ ಮೂವತ್ತು ವರ್ಷದ ಅನುಭವ, ಅವರ ಬಿಳಿ ಅಂಗಿ, ಅವರ ಅತ್ತರು, ಯಾವುದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ನಿಂತೇ ಇದ್ದರು. ಕೂಗಿ ಕೂಗಿ ಉಸಿರು ನಿಂತ ಮೇಲೆ ನೆನಪಾಯಿತು. ಅವರು ಲೋಡ್ ಎಷ್ಟೆಂದು ಕೇಳಿದ್ದರು. ಕೆಜಿ ಹೇಳದೆ ಜಂಬ ಹೇಳಿದ್ದು ನಾನು. ನಾಚಿಕೆಯಾಯಿತು, ಆದರೆ ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಮೆತ್ತನೆ ಸ್ಪ್ರಿಂಗು ತರಿಸಿದ್ರೆ ಸೋಮವಾರ ಬತ್ತದೆ," ಎಂದರು ಪಾಷಣ್ಣ ಸಣ್ಣ ದನಿಯಲ್ಲಿ.

ಸೋಮವಾರಕ್ಕೆ ಹುಳುಗಳು ಎದ್ದು, ತಿಂದು, ಮುಂದಿನ ಜ್ವರದ ಯೋಚನೆಯಲ್ಲಿರುತ್ತವೆ. ಗೂಡ್ಸ್ ಆಟೋದಲ್ಲಿ ಒಯ್ಯುವುದೆಂದರೆ ಬೈರಮ್ಮನಿಗೆ ನಾನೇ ಕೈಯಾರೆ ಬೇರೆ ಸೆಂಟರು ತೋರಿಸಿದಂತೆ. ನಾನು ಸ್ಟೂಲಿನ ಮೇಲೆ ಕೂತೆ.

ನೂರ್‌ಜಹಾನ್ ನನ್ನ ಕೈಗೆ ಟೀ ಲೋಟ ಕೊಟ್ಟು, ಗಂಡನ ಕಡೆ ತಿರುಗಿದರು. "ಈ ಸ್ಪ್ರಿಂಗು ತೂಕ ಬಿದ್ರೆ ಮೆತ್ತಗಾಗ್ತದೆ ಅಂತ ತಾನೇ ನೀವು ಹೇಳ್ತಿರೋದು? ತೂಕ ಕೇಳ್ತಾ ಐತೆ, ಕೊಟ್ಬುಡಿ."

ಪಾಷಣ್ಣನ ಕಣ್ಣು ಅಗಲವಾದವು. "ಎಂಟು ಬ್ಯಾಡ. ನಾಲ್ಕೂವರೆ, ಐದು ಕ್ವಿಂಟಾಲು ಬಿದ್ರೆ ಸಾಕು. ಏಳು ಜನ ಕೂರೋ ಗಾಡಿ, ತಡೀತದೆ."

ಏನು ತುಂಬುವುದು? ಯಜಮಾನರು ರಾಗಿ ಮೂಟೆ ಎಂದರು. ನಮ್ಮ ಮನೆಯ ಮೂಟೆಗಳಲ್ಲಿ ಹುಳ ಹಿಡಿಯದಿರಲೆಂದು ಔಷಧಿ ಇಟ್ಟಿದ್ದೆವು. ಅದರ ಗಾಳಿ ಸೋಕಿದರೂ ನನ್ನ ಹುಳು ಉಳಿಯುವುದಿಲ್ಲ. ಗೊಬ್ಬರದ ಮೂಟೆ, ಅದೇ ಕತೆ. ಮರಳು ಎಂದರು, ಮರಳು ತುಂಬಿದ ಕಾರು ದಾರಿಯಲ್ಲಿ ಸಿಕ್ಕರೆ ಪೊಲೀಸರಿಗೆ ಏನು ಹೇಳುವುದು? ರೇಷ್ಮೆ ಹುಳು ಮೃದುವಾಗಿ ಕೂರಲಿ ಎಂದು, ಎಂದರೆ ನಂಬುತ್ತಾರೆಯೇ?

"ಕಲ್ಲು," ಎಂದರು ಯಜಮಾನರು ಕೊನೆಗೆ. "ಕಾಂಪೌಂಡಿಗೆ ಅಂತ ಇಳಿಸಿರೋ ಸೈಜುಗಲ್ಲು ಮನೆ ಮುಂದೆ ಬಿದ್ದವಲ್ಲ. ಕಲ್ಲಿಗೆ ಯಾವ ವಾಸನೆ?"

ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ನನಗೆ ನೆನಪಿಲ್ಲ.

ಪಾಷಣ್ಣ ದಂಪತಿಯನ್ನೂ ಹತ್ತಿಸಿಕೊಂಡು ಅಕ್ಕೂರಿಗೆ ಬಂದು ಆರು ಕಲ್ಲುಗಳನ್ನು ತೊಳೆದು, ಒಣಗಿಸಿ, ಸ್ಟ್ಯಾಂಡಿನ ಕೆಳಗೆ ಹಳೆಯ ಕಂಬಳಿ ಹಾಸಿ ಜೋಡಿಸಿದೆವು. ಜರುಗದ ಹಾಗೆ ಹಗ್ಗ ಬಿಗಿದೆವು. ಪಾಷಣ್ಣ ಟೇಪು ಹಿಡಿದು ಚಕ್ರದ ನಡುಮಧ್ಯದಿಂದ ಬಾಡಿಯ ಅಂಚಿನವರೆಗೆ ಅಳೆದರು. "ಇನ್ನೂ ಎರಡು ಬೆರಳು ಇಳೀಬೇಕು. ನಡುವಿನ ಸೀಟಿನ ಮೇಲೆ ಮೂರು ಜನ ಕೂತ್ರೆ ಸರಿಯಾಗ್ತದೆ. ದಪ್ಪ ಇರೋರು."

ಎಲ್ಲರೂ ಒಟ್ಟಿಗೆ ನನ್ನ ಅತ್ತೆ ಹನುಮಂತಮ್ಮನ ಕಡೆ ನೋಡಿದೆವು. ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅವರು, "ನನ್ಯಾಕ್ರೋ ಹಂಗ್ ನೋಡೀರಿ?" ಎಂದರು.

ಅತ್ತೆ, ಪಾಷಣ್ಣ, ನೂರ್‌ಜಹಾನ್ ಮೂವರನ್ನೂ ಕೂರಿಸಿ, ಸಂಜೆ ಮುಗಿಯುವುದರೊಳಗೆ ಇನ್ನೊಂದು ಸಲ ರಾಗಿ ಹರಡಿ ಓಡಿಸಿದೆ. ರಾಗಿ ಒಂದಿಷ್ಟು ಮಿಸುಕಾಡಿತ್ತು, ಅಷ್ಟೆ. ಒಳಗೆ ಚಾಕಿ ಮನೆಯಲ್ಲಿ ಹುಳುಗಳು ತಲೆ ಎತ್ತಿ ಕೂತಿದ್ದವು.

ಶುಕ್ರವಾರ ನಸುಕಿಗೇ ಪಾಷಣ್ಣ ದಂಪತಿ ಮತ್ತೆ ಬಂದರು, ಬೆಳಿಗ್ಗೆ ಐದೂವರೆಗೆ ಹೊರಟೆವು. ಅದಕ್ಕೆ ಮುಂಚೆ ನಾನು ಕಾರಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೂಸಿದೆ. ರೇಷ್ಮೆ ಹುಳುವಿನ ಹತ್ತಿರ ಸೆಂಟು, ಪೌಡರು, ಹೊಗೆಸೊಪ್ಪು, ಊದುಬತ್ತಿ ಯಾವುದೂ ಸುಳಿಯಬಾರದು. ಯಜಮಾನರು ಗಡ್ಡ ಹೆರೆದು ಏನೋ ಘಮಘಮ ಹಚ್ಚಿಕೊಂಡು ಬಂದಿದ್ದರು, ವಾಪಸ್ಸು ಬಚ್ಚಲಿಗೆ ಕಳಿಸಿದೆ. ನೂರ್‌ಜಹಾನ್ ಮಲ್ಲಿಗೆ ತೆಗೆದು ನಮ್ಮ ತುಳಸಿ ಕಟ್ಟೆಯ ಮೇಲಿಟ್ಟರು. ಪಾಷಣ್ಣನ ಕಿವಿಯಲ್ಲಿ ಹತ್ತಿ ಇರಲಿಲ್ಲ.

"ಜುಮ್ಮಾ ದಿವಸ ಅತ್ತರಿಲ್ದೆ ಮನೆ ಬಿಟ್ಟಿದ್ದು ಇದೇ ಮೊದಲು," ಎಂದರು. "ಪಾಪ ಮಾಡಿದೋನು ನಾನು, ಹುಳ ಯಾಕೆ ಸಾಯ್ಬೇಕು?"

ನಿನ್ನೆ ಅಷ್ಟು ಕೂಗಾಡಿದ್ದಕ್ಕೆ ಆಗ ನನಗೆ ನಿಜವಾಗಿ ಸಂಕಟವಾಯಿತು.

ಅತ್ತೆಯ ಸೊಂಟದಿಂದ ಹೊಗೆಸೊಪ್ಪಿನ ಸಂಚಿ ಬಿಚ್ಚಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಅದನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಬಾನೆಟ್ಟಿನ ಕೆಳಗೆ ಇಂಜಿನ್ನಿನ ಪಕ್ಕ ಕಟ್ಟಿಸುವುದೆಂದು ಒಪ್ಪಂದವಾಯಿತು. "ಸೊಸೆ ಅಂತ ತಂದ್ಕೊಂಡೆ, ಪೊಲೀಸಮ್ಮ ಬಂದ್ಳು," ಎಂದು ಗೊಣಗುತ್ತ ಅವರು ಹತ್ತಿ ಕೂತರು. ಕಾರು ಒಂದು ಬೆರಳು ಇಳಿಯಿತು. ಪಾಷಣ್ಣ ಟೇಪಿನಲ್ಲಿ ನೋಡಿ "ಮಾಷಲ್ಲಾ" ಎಂದರು.

ಕಾರು ಓಡಿಸಿದ್ದು ನಾನೇ. ಐವತ್ತು ಚಿಲ್ಲರೆ ಕಿಲೋಮೀಟರು, ಮುಳ್ಳು ನಲವತ್ತು ದಾಟಲು ಬಿಡಲಿಲ್ಲ. ಹಿಂದಿನಿಂದ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಬೇಸತ್ತು ಮುಂದೆ ಹೋದವು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಏನಕ್ಕಾ, ಗಾಡಿ ತಳ್ಬೇಕಾ?" ಎಂದು ಕೇಳಿ ಹೋದ. ಪಾಷಣ್ಣ ಕಿವಿಯನ್ನು ಹಿಂದಕ್ಕೇ ಇಟ್ಟಿದ್ದರು. ಹಂಪು ಕಂಡಾಗಲೆಲ್ಲ, "ಎಲ್ಲಾ ಒಸಿ ಹಿಂದಕ್ಕೆ ಒರಗಿ," ಎನ್ನುತ್ತಿದ್ದರು. ಮೂವರೂ ಒಟ್ಟಿಗೆ ಒರಗುತ್ತಿದ್ದರು, ಕಾರು ನಿಧಾನವಾಗಿ ಎದ್ದು ನಿಧಾನವಾಗಿ ಇಳಿಯುತ್ತಿತ್ತು. ಕನಕಪುರ ಊರೊಳಗೆ ಬಣ್ಣವಿಲ್ಲದ ಹಂಪೊಂದು ನನಗೆ ಕಾಣಿಸಲೇ ಇಲ್ಲ. ಪಾಷಣ್ಣ ಹೇಳುವಷ್ಟರಲ್ಲಿ ಮುಂದಿನ ಚಕ್ರ ಹತ್ತಿಯಾಗಿತ್ತು. ನಾನು ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದೆ.

"ಏನೂ ಆಗ್ಲಿಲ್ಲ ಕಣೇ, ಓಡ್ಸು," ಎಂದರು ಅತ್ತೆ. "ನನ್ ಹೊಟ್ಟೇಲಿರೋ ಕಾಫಿನೇ ಅಲ್ಲಾಡ್ಲಿಲ್ಲ, ನಿನ್ ಹುಳ ಅಲ್ಲಾಡ್ತದಾ?"

ನೂರ್‌ಜಹಾನ್ ನಕ್ಕರು, ಪಾಷಣ್ಣ ನಕ್ಕರು, ಯಜಮಾನರೂ ನಕ್ಕರು. ನನಗೂ ನಗು ಬಂತು, ಬ್ರೇಕಿನಿಂದ ಕಾಲು ತೆಗೆದೆ.

ಏಳೂವರೆಗೆ ಬೈರಮ್ಮನ ಹಟ್ಟಿ ಮುಂದೆ ನಿಂತೆವು. ಉಳಿದ ಐದು ಮನೆಯವರೂ ಅಲ್ಲೇ ಕಾದಿದ್ದರು. ಕಾರಿನೊಳಗೆ ಮೂರು ಜನ ದಪ್ಪನೆಯವರು, ಅವರ ಹಿಂದೆ ತಟ್ಟೆಗಳು, ಅವುಗಳ ಕೆಳಗೆ ಆರು ಸೈಜುಗಲ್ಲು ಕಂಡಾಗ ಅವರ ಮುಖ ನೋಡಬೇಕಿತ್ತು. ಬೈರಮ್ಮ ಮಾತ್ರ ನಗಲಿಲ್ಲ. ಎಪ್ಪತ್ತರ ಹತ್ತಿರದ, ಬಿದಿರಿನ ಹಾಗೆ ನೆಟ್ಟಗಿರುವ ಹೆಂಗಸು. ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಕೂತವೆ," ಎಂದೆ ನಾನು.

"ಕೂರೋದು ದೊಡ್ಡದಲ್ಲ ಕಣವ್ವ. ಏಳೋದು ನೋಡ್ಬೇಕು."

ಉಳಿದವರು ತಮ್ಮ ತಮ್ಮ ತಟ್ಟೆ ಹೊತ್ತು ಹೋದರು. ಮುಂದಿನ ಬೆಳೆಯ ಮಾತು ಯಾರೂ ಎತ್ತಲಿಲ್ಲ. ಬೈರಮ್ಮನ ಎಂಟು ತಟ್ಟೆಗಳನ್ನು ನಾನು ಹುಳುಮನೆಯ ಬಾಗಿಲವರೆಗೆ ಒಯ್ದೆ. ಅಲ್ಲಿ ಅವಳು ಕೈ ಅಡ್ಡ ಹಿಡಿದು, "ಇಲ್ಲೇ ಕೊಡು, ನಾನು ಒಳಕ್ಕಿಡ್ತೀನಿ," ಎಂದಳು. ಹನ್ನೊಂದು ವರ್ಷ ನಾನು ಆ ಮನೆಯೊಳಗೆ ಹೋಗಿ ನನ್ನ ಕೈಯಿಂದಲೇ ತಟ್ಟೆ ಇಳಿಸಿದ್ದೆ. ಅವಳು ಬಾಗಿಲು ಎಳೆದುಕೊಂಡಾಗ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹುಳುಗಳು ಏಳುವುದು ಮಧ್ಯಾಹ್ನದ ಮೇಲೆಯೇ. ಹೊರಡಿ ಎಂದು ಯಾರೂ ಹೇಳಲಿಲ್ಲ, ನಮಗೆ ಹೊರಡಲು ಮನಸ್ಸೂ ಇರಲಿಲ್ಲ. ಬೈರಮ್ಮ ರಾಗಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ನನ್ನ ಮೇಲೆ ಸಿಟ್ಟಿರಬಹುದು, ಬಂದವರನ್ನು ಹಸಿದು ಕೂರಿಸುವವಳಲ್ಲ. ಅತ್ತೆ ಬಾನೆಟ್ಟಿನ ಕೆಳಗಿನಿಂದ ಡಬ್ಬಿ ಬಿಡಿಸಿಕೊಂಡು, ಹುಳುಮನೆಯಿಂದ ಒಂದು ಫರ್ಲಾಂಗು ದೂರದ ಹುಣಸೆಮರದ ಕೆಳಗೆ ಹೋಗಿ ಕೂತರು. ಪಾಷಣ್ಣ ಯಾರದೋ ಸ್ಕೂಟರಿನ ಹಿಂದೆ ಕೂತು ನಮಾಜಿಗೆ ಹೋಗಿ ಬಂದರು. ಬಂದವರು ಸೀದಾ ಬೈರಮ್ಮನ ಮುಂದೆ ನಿಂತರು.

"ಅಮ್ಮಾ, ಹುಳಕ್ಕೆ ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ಅದು ನನ್ ತಪ್ಪು. ಸ್ಪ್ರಿಂಗ್ ಲೆಕ್ಕ ತಪ್ಪಿದೋನು ನಾನು. ಇವರದೇನೂ ಇಲ್ಲ."

ಅದನ್ನು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನದಲ್ಲದ ಪಾಲನ್ನೂ ಹೊತ್ತುಕೊಂಡು ನಿಂತ ಮನುಷ್ಯನ ಮುಂದೆ ನಾನು ಎಷ್ಟು ಹೊತ್ತು ಸುಮ್ಮನೆ ಇರಲಿ?

"ಪಾಷಣ್ಣಂದೇನೂ ಇಲ್ಲ ಬೈರಕ್ಕ," ಎಂದೆ. "ಅವರಿಗೆ ತೂಕ ಹೇಳ್ದೆ ಮೊಟ್ಟೆ ಲೆಕ್ಕ ಹೇಳ್ದೋಳು ನಾನು. ಹೋದ ಬೆಳೇದೂ ನನ್ ತಪ್ಪೇ. ನಿಮ್ಮೂರ ಬಿಸಿಲಲ್ಲ. ಕಾರು ಕೆಟ್ಟಿತ್ತು. ಕೆಟ್ಟಿರೋದು ಗೊತ್ತಿದ್ದೂ ನಿನ್ ಹುಳ ತುಂಬ್ಕೊಂಡು ಬಂದೆ. ಸುಳ್ಳು ಹೇಳ್ದೆ."

ಯಜಮಾನರು ಬಾಯಿ ತೆರೆದು ನನ್ನನ್ನೇ ನೋಡಿದರು. ನಾನು ತಪ್ಪೊಪ್ಪಿಕೊಂಡದ್ದನ್ನು ಅವರು ಅದೇ ಮೊದಲು ಕೇಳಿದ್ದು. ಬೈರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು, ಕಾಲು ತೊಳೆದುಕೊಂಡು, ಹುಳುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ಗಂಟೆ ದಾಟಿತು, ಮೂರೂವರೆಯೂ ಆಯಿತು. ನೂರ್‌ಜಹಾನ್ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದರು.

ಬಾಗಿಲು ಅರ್ಧ ತೆರೆಯಿತು. "ಅಂಬುಜಾ, ಕಾಲು ತೊಳ್ಕೊಂಡು ಬಾ," ಎಂದಳು ಬೈರಮ್ಮ.

ಬಕೇಟಿನ ಔಷಧಿ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋದೆ. ಎಂಟು ತಟ್ಟೆಗಳೂ ಅಟ್ಟಣಿಗೆಯ ಮೇಲೆ ಸಾಲಾಗಿದ್ದವು. ಬಗ್ಗಿ ನೋಡಿದೆ. ಮೊದಲ ತಟ್ಟೆಯಲ್ಲಿ ಎಲ್ಲ ಎದ್ದಿದ್ದವು. ಹೊಸ ಚರ್ಮ, ದಪ್ಪ ತಲೆ, ಹಸಿದು ಅತ್ತಿತ್ತ ಹುಡುಕಾಡುತ್ತಿದ್ದವು. ಎರಡನೆಯದರಲ್ಲೂ, ಮೂರನೆಯದರಲ್ಲೂ ಹಾಗೇ. ಎಂಟನೇ ತಟ್ಟೆಯವರೆಗೂ ಹೋದೆ, ಕೂತ ಹುಳುವೊಂದನ್ನು ಕಣ್ಣಿಟ್ಟು ಹುಡುಕಿದೆ, ಸಿಗಲಿಲ್ಲ. ಎಲ್ಲ ಒಂದೇ ಸಮ ಎದ್ದಿದ್ದವು.

"ಮುಂದ್ಲ ಸಲ ಇನ್ನೂರು ಮೊಟ್ಟೆ ಬರ್ಕೊ," ಎಂದಳು ಬೈರಮ್ಮ. "ಕಾರು ಕೆಟ್ರೆ ಕೆಟ್ಟೈತೆ ಅನ್ನು. ನಿನ್ ಮಾತು ಸರಿಯಾಗಿದ್ರೆ ಹುಳಾನ ತಲೆ ಮೇಲೆ ಹೊತ್ಕೊಂಡ್ ಬರೋಕೂ ನಾನೇ ಜನ ಕಳಿಸ್ತೀನಿ."

ಆಮೇಲೆ ಹೆಚ್ಚಿದ ಎಳೆ ಸೊಪ್ಪಿನ ಪುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಜ್ವರದಿಂದ ಎದ್ದ ಹುಳುವಿಗೆ ಮೊದಲ ಸೊಪ್ಪು ಹಾಕುವುದು ಆ ಮನೆಯ ಹೆಂಗಸು. ಹೊರಗಿನವರ ಕೈಗೆ ಅದನ್ನು ಯಾರೂ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಪುಟ್ಟಿ ಹಿಡಿದುಕೊಂಡು ನಿಂತವಳಿಗೆ ಅಳು ಉಕ್ಕಿ ಬಂತು, ತಡೆಯಲಾಗಲಿಲ್ಲ.

"ಆಮೇಲೆ ಅಳೀವಂತೆ ಕಣವ್ವ," ಎಂದಳು ಬೈರಮ್ಮ. "ಹಸ್ಕೊಂಡವೆ. ಮೊದ್ಲು ಸೊಪ್ಪಾಕು."

ನಾನು ಭುಜದಿಂದ ಕಣ್ಣೊರೆಸಿಕೊಂಡು ಸೊಪ್ಪು ಹಾಕಿದೆ.